ಜನರಿಲ್ಲದ ದ್ವೀಪಕ್ಕೆ ಕಸ ಬಂದದ್ದು ಎಲ್ಲಿಂದ? ಕಾವೇರಿಯ ಪಾಲೆಷ್ಟು?

2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ನಡೆದ, ಪ್ಲಾಸ್ಟಿಕ್ ಮಾಲಿನ್ಯ ತಡೆಯುವ ಜಾಗತಿಕ ಒಪ್ಪಂದದ ಮಾತುಕತೆ ಮುರಿದುಬಿತ್ತು. 180ಕ್ಕೂ ಹೆಚ್ಚು ದೇಶಗಳವರು ಹತ್ತು ದಿನ ಕೂತರೂ ಒಂದು ಕರಡಿಗೆ ಒಪ್ಪಲಿಲ್ಲ. ಇಂಥ ಸುದ್ದಿಯ ಜೊತೆಗೆ ಬರುವ ಚಿತ್ರ ಮಾತ್ರ ಹೆಚ್ಚು ಕಡಿಮೆ ಒಂದೇ. ಮನುಷ್ಯರೇ ಇಲ್ಲದ ಯಾವುದೋ ದ್ವೀಪದ ದಡ. ದಡದ ತುಂಬ ಬಾಟಲಿ, ಚಪ್ಪಲಿ, ಹರಿದ ಬಲೆ. ನಡುವೆ ಒಂದು ಸತ್ತ ಹಕ್ಕಿ.

ಮೈಸೂರು, ಮಂಡ್ಯದಲ್ಲಿ ಕೂತು ಇದನ್ನು ಓದುವವರಿಗೆ ತಲೆ ಕೆಡುವುದು ಸಹಜ. ನಮಗೂ ಸಮುದ್ರಕ್ಕೂ ಏನು ಸಂಬಂಧ? ಮಂಗಳೂರಿನ ಕಡಲು ನೋಡಬೇಕೆಂದರೆ ಘಟ್ಟ ಇಳಿಯಬೇಕು. ನಮ್ಮ ಕಾವೇರಿಯೋ ಆ ಕಡೆಗೆ ಬೆನ್ನು ಹಾಕಿ ಪೂರ್ವಕ್ಕೆ ಹರಿಯುತ್ತಾಳೆ. ಸುದ್ದಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರಂತೂ ಗೊಂದಲ ಇನ್ನೂ ಜಾಸ್ತಿ. ಜಗತ್ತಿನಲ್ಲಿ ಅತಿ ಹೆಚ್ಚು ಪ್ಲಾಸ್ಟಿಕ್ ಪರಿಸರಕ್ಕೆ ಸೇರುತ್ತಿರುವುದು ಭಾರತದಿಂದ, ವರ್ಷಕ್ಕೆ ಸುಮಾರು 93 ಲಕ್ಷ ಟನ್ ಎಂದು ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಲೆಕ್ಕ ಕೊಟ್ಟರು. ಆದರೆ ನಮ್ಮದೇ ಗ್ರೇಟ್ ನಿಕೋಬಾರ್ ದ್ವೀಪದ ದಡದಲ್ಲಿ 60 ಬಾಟಲಿ ಆಯ್ದು ನೋಡಿದ ಇನ್ನೊಂದು ಅಧ್ಯಯನದಲ್ಲಿ ಹೆಚ್ಚಿನವು ಮಲೇಷ್ಯಾ, ಇಂಡೋನೇಷ್ಯಾ, ಥಾಯ್ಲೆಂಡಿನವು. ಭಾರತದ ಬಾಟಲಿ ಹುಡುಕಬೇಕಾಯಿತು. ಒಂದು ವರದಿ ನದಿಗಳನ್ನು ದೂರುತ್ತದೆ, ಇನ್ನೊಂದು ಮೀನಿನ ಬಲೆಗಳನ್ನು.

ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಒಂದೊಂದೂ ಬೇರೆ ಬೇರೆ ಜಾಗದಲ್ಲಿ ನಿಂತು ಅಳೆದದ್ದು, ಅಷ್ಟೇ.

ಒಂದು ಲಾರಿ ಕಬ್ಬಿನ ತೂಕ

ದಕ್ಷಿಣ ಪೆಸಿಫಿಕ್ ಸಾಗರದ ನಡುವೆ ಹೆಂಡರ್ಸನ್ ಎಂಬ ಪುಟ್ಟ ದ್ವೀಪವಿದೆ. ಬ್ರಿಟನ್ನಿನ ಸುಪರ್ದಿಯಲ್ಲಿದೆ, 1988ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅಲ್ಲಿ ಯಾರೂ ವಾಸವಿಲ್ಲ. ಹತ್ತಿರದ ದೊಡ್ಡ ಊರು ಅಂದರೆ ಐದು ಸಾವಿರ ಕಿಲೋಮೀಟರ್ ಆಚೆ. ಆಸ್ಟ್ರೇಲಿಯಾದ ವಿಜ್ಞಾನಿ ಜೆನಿಫರ್ ಲೇವರ್ಸ್ ಅವರ ತಂಡ 2015ರಲ್ಲಿ ಅಲ್ಲಿಗೆ ಹೋಗಿ ದಡದ ಮರಳನ್ನು ಅಳತೆ ಹಾಕಿ ಜಾಲಾಡಿತು. 2017ರಲ್ಲಿ ಪ್ರಕಟವಾದ ಅವರ ಅಂದಾಜಿನಂತೆ ಆ ದ್ವೀಪದಲ್ಲಿದ್ದ ಕಸದ ತುಂಡುಗಳು 3 ಕೋಟಿ 77 ಲಕ್ಷ. ಒಟ್ಟು ತೂಕ 17.6 ಟನ್.

ಮೊದಲ ಅಂಕಿ ಎಲ್ಲ ಕಡೆ ಸುದ್ದಿಯಾಯಿತು. ಎರಡನೆಯದನ್ನು ಯಾರೂ ಅಷ್ಟಾಗಿ ನೋಡಲಿಲ್ಲ. 17.6 ಟನ್ ಅಂದರೆ ಎಷ್ಟು? ಮಂಡ್ಯದ ರಸ್ತೆಯಲ್ಲಿ ಕಾರ್ಖಾನೆಗೆ ಹೊರಟ ಕಬ್ಬಿನ ಲಾರಿಯೊಂದರ ಹೊರೆ. ಅಷ್ಟೇ! ಆದರೆ ಅದು ಕೋಟಿಗಟ್ಟಲೆ ಚೂರುಗಳಾಗಿ ಮರಳಿನ ಒಳಗೆ ಬೆರೆತಿದೆ.

ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳದ್ದೂ ಇದೇ ಕಥೆ. ಆಸ್ಟ್ರೇಲಿಯಾಕ್ಕೆ ಸೇರಿದ ಈ 27 ದ್ವೀಪಗಳಲ್ಲಿ ಇರುವವರು ಸುಮಾರು 600 ಜನ. 2019ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಅಲ್ಲಿನ ಕಸ 41 ಕೋಟಿ 40 ಲಕ್ಷ ತುಂಡು, ತೂಕ 238 ಟನ್. ಅದರಲ್ಲಿ ಚಪ್ಪಲಿ, ಶೂಗಳೇ 9,77,000. ಹಲ್ಲುಜ್ಜುವ ಬ್ರಷ್ 3,73,000. ಅಷ್ಟು ಬ್ರಷ್ ಆ 600 ಜನರೇ ಬಳಸಿ ಎಸೆದದ್ದಾಗಿರಲಾರದು. ತೂಕಕ್ಕೆ ಬಂದರೆ, ಮೈಸೂರು ನಗರದಲ್ಲಿ ಒಂದೇ ದಿನ ಹೊರಬೀಳುವ ಕಸ ಇದಕ್ಕಿಂತ ಜಾಸ್ತಿ. ಇನ್ನೊಂದು ವಿಷಯ. ಅಲ್ಲಿನ ತುಂಡುಗಳಲ್ಲಿ ನೂರಕ್ಕೆ 93ರಷ್ಟು ಮೇಲೆ ಕಾಣುವುದೇ ಇಲ್ಲ, ಮರಳಿನಡಿ ಹತ್ತು ಸೆಂಟಿಮೀಟರ್‌ವರೆಗೆ ಹೂತಿವೆ.

ಹಾಗಾಗಿ ಈ ವಿಷಯದಲ್ಲಿ ಟನ್ ಲೆಕ್ಕ ನೋಡಿ ಸಮಾಧಾನ ಪಡುವುದೂ ತಪ್ಪು, ಕೋಟಿ ಲೆಕ್ಕ ನೋಡಿ ಗಾಬರಿಯಾಗುವುದೂ ತಪ್ಪು. ಏನು ಬಂದಿದೆ, ಎಲ್ಲಿಗೆ ಬಂದಿದೆ ಅನ್ನುವುದು ಮುಖ್ಯ.

ಸಮುದ್ರ ಜರಡಿ ಹಿಡಿಯುತ್ತದೆ

ನೆಲದ ಮೇಲೆ ಬಿಸಾಡಿದ್ದೆಲ್ಲ ದ್ವೀಪಕ್ಕೆ ಹೋಗಿ ಸೇರುವುದಿಲ್ಲ. ಬಿದ್ದ ಕಸದಲ್ಲಿ ಬಹುಪಾಲು ಬಿದ್ದಲ್ಲೇ ಉಳಿಯುತ್ತದೆ, ಇಲ್ಲವೇ ಯಾರಾದರೂ ಬೆಂಕಿ ಹಚ್ಚುತ್ತಾರೆ. ಲೀಡ್ಸ್‌ನವರ 93 ಲಕ್ಷ ಟನ್ನಿನಲ್ಲಿ ಬಯಲಲ್ಲಿ ಸುಟ್ಟದ್ದೂ ಸೇರಿದೆ. ಉಳಿದದ್ದರಲ್ಲಿ ಸ್ವಲ್ಪ ಚರಂಡಿಗೆ, ಅದರಲ್ಲಿ ಸ್ವಲ್ಪ ಹೊಳೆಗೆ, ಹೊಳೆಗೆ ಬಿದ್ದದ್ದರಲ್ಲಿ ಸ್ವಲ್ಪ ಕಡಲಿಗೆ.

ಕಡಲಿಗೆ ಬಿದ್ದ ಮೇಲೂ ಜರಡಿ ನಿಲ್ಲುವುದಿಲ್ಲ. ನೀರಿನ ಬಾಟಲಿ ಮಾಡುವ ಪ್ಲಾಸ್ಟಿಕ್ ನೀರಿಗಿಂತ ಭಾರ. ಮುಚ್ಚಳ ಬಿಗಿಯಾಗಿದ್ದರೆ ಬಾಟಲಿ ತೇಲುತ್ತದೆ, ನೀರು ತುಂಬಿದರೆ ಮುಳುಗುತ್ತದೆ. ಮುಚ್ಚಳದ್ದು ಬೇರೆ ಪ್ಲಾಸ್ಟಿಕ್, ಅದು ನೀರಿಗಿಂತ ಹಗುರ, ತೇಲುತ್ತದೆ. ತೆಳು ಕವರ್‌ಗೆ ಬೇಗ ಪಾಚಿ ಹಿಡಿದು ಭಾರವಾಗಿ ತಳ ಸೇರುತ್ತದೆ. ಹವಾಯಿ ಚಪ್ಪಲಿ, ದಪ್ಪ ಮುಚ್ಚಳ, ಮೀನಿನ ಕ್ರೇಟು, ನೈಲಾನ್ ಹಗ್ಗಕ್ಕೆ ಕಟ್ಟಿದ ತೇಲುಬುರುಡೆ, ಇವು ಮಾತ್ರ ವರ್ಷಗಟ್ಟಲೆ ತೇಲಿ ಸಾವಿರಾರು ಮೈಲಿ ಹೋಗುತ್ತವೆ. ದೂರದ ದ್ವೀಪದಲ್ಲಿ ಸಿಗುವುದು ಈ ಜರಡಿಯಲ್ಲಿ ಕೊನೆಗೆ ಉಳಿದ ಸಾಮಾನು.

ಈಗ ಆ ಎರಡು ಸುದ್ದಿಗಳ ಜಗಳ ಬಗೆಹರಿಯಿತು ಅಲ್ವಾ? ಲೀಡ್ಸ್‌ನವರು ಅಳೆದದ್ದು ಜರಡಿಗೆ ಸುರಿದದ್ದನ್ನು. ನಿಕೋಬಾರಿನವರು ಅಳೆದದ್ದು ಜರಡಿಯಲ್ಲಿ ಉಳಿದದ್ದನ್ನು. ಅದೂ ಆಗ್ನೇಯ ಏಷ್ಯಾಕ್ಕೆ ಮುಖ ಮಾಡಿ ನಿಂತಿರುವ ಒಂದು ದ್ವೀಪದಲ್ಲಿ.

ಬರುವ ದಾರಿ ಮೂರು

ಒಂದು, ನದಿ. ಕೆಲವು ವರ್ಷಗಳ ಹಿಂದೆ ಹತ್ತು ದೊಡ್ಡ ನದಿಗಳೇ ಬಹುಪಾಲು ಪ್ಲಾಸ್ಟಿಕ್ಕನ್ನು ಸಮುದ್ರಕ್ಕೆ ಒಯ್ಯುತ್ತವೆ ಎಂಬ ಮಾತಿತ್ತು. 2021ರಲ್ಲಿ ಬಂದ ಹೊಸ ಲೆಕ್ಕ ಅದನ್ನು ತಿರುಗಿಸಿತು. ನದಿಗಳಿಂದ ಕಡಲಿಗೆ ಹೋಗುವ ಪ್ಲಾಸ್ಟಿಕ್‌ನ ಶೇ 80ರಷ್ಟಕ್ಕೆ ಸಾವಿರಕ್ಕೂ ಹೆಚ್ಚು ನದಿಗಳು ಕಾರಣ, ಅವುಗಳಲ್ಲಿ ಚಿಕ್ಕವೇ ಜಾಸ್ತಿ. ಪಟ್ಟಿಯ ತಲೆಯಲ್ಲಿ ಇದ್ದದ್ದು ಫಿಲಿಪ್ಪೀನ್ಸ್‌ನ ಪಾಸಿಗ್. ಉದ್ದ ಮೂವತ್ತು ಕಿಲೋಮೀಟರ್ ಕೂಡ ಇಲ್ಲ. ಕಾರಣ ಸರಳ. ಕಡಲ ಪಕ್ಕದಲ್ಲೇ ದೊಡ್ಡ ಊರು, ಊರ ನಡುವೆ ಹೊಳೆ, ಮೇಲಿಂದ ಜೋರು ಮಳೆ. ಬಿದ್ದ ಕಸಕ್ಕೆ ದಾರಿಯಲ್ಲಿ ನಿಲ್ಲಲು ಜಾಗವೇ ಇಲ್ಲ.

ಎರಡು, ಮೀನುಗಾರಿಕೆ ದೋಣಿಗಳು. ಇವು ಕಸವನ್ನು ನೇರವಾಗಿ ನಡುಗಡಲಿಗೇ ಬಿಡುತ್ತವೆ, ಜರಡಿಯ ಅರ್ಧ ದಾರಿ ತಪ್ಪಿಸಿದಂತೆ. ಉತ್ತರ ಪೆಸಿಫಿಕ್‌ನಲ್ಲಿ ತೇಲುತ್ತಿರುವ ಕಸದ ರಾಶಿಯಲ್ಲಿ ಗಟ್ಟಿ ಪ್ಲಾಸ್ಟಿಕ್‌ನ ಮುಕ್ಕಾಲು ಪಾಲಿಗಿಂತ ಹೆಚ್ಚು ಮೀನುಗಾರಿಕೆಯದ್ದು ಎಂದು 2022ರ ಅಧ್ಯಯನವೊಂದು ಹೇಳಿತು. ಬಲೆ ಕಳೆದುಹೋಗುವುದು ಯಾವಾಗಲೂ ಅಸಡ್ಡೆಯಿಂದಲ್ಲ. ಬಂಡೆಗೆ ಸಿಕ್ಕುತ್ತದೆ, ಬಿರುಗಾಳಿಗೆ ಹರಿಯುತ್ತದೆ, ಹಡಗು ಬಂದು ಕತ್ತರಿಸುತ್ತದೆ. ಹಾಗೆಂದು ಹಳೆ ಬಲೆಯನ್ನು ದಡಕ್ಕೆ ಹೊತ್ತು ತಂದು ಕಾಸು ಕೊಟ್ಟು ವಿಲೇವಾರಿ ಮಾಡುವುದಕ್ಕಿಂತ ಅಲ್ಲೇ ಬಿಡುವುದು ಅಗ್ಗ ಅನ್ನುವುದೂ ನಿಜ.

ಮೂರು, ಹಡಗಿನ ಅಪಘಾತ. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ-3 ಹಡಗು ಕೊಚ್ಚಿಯ ಆಚೆ ಮುಳುಗಿದ್ದು ನೆನಪಿರಬಹುದು. ಆಮೇಲೆ ತಿರುವನಂತಪುರದ ದಡದಲ್ಲಿ ಸಬ್ಬಕ್ಕಿಯಂಥ ಬಿಳಿ ಕಾಳುಗಳು ರಾಶಿ ಬಿದ್ದವು. ಅದು ಪ್ಲಾಸ್ಟಿಕ್ ಸಾಮಾನು ಮಾಡುವ ಕಾರ್ಖಾನೆಗಳಿಗೆ ಹೋಗುವ ಕಚ್ಚಾ ಮಾಲು. 2021ರಲ್ಲಿ ಕೊಲಂಬೊ ಹತ್ತಿರ ಎಕ್ಸ್-ಪ್ರೆಸ್ ಪರ್ಲ್ ಹಡಗಿಗೆ ಬೆಂಕಿ ಬಿದ್ದಾಗ ಇಂಥ ಕಾಳು 1,600 ಟನ್ನಿಗೂ ಹೆಚ್ಚು ಚೆಲ್ಲಿತ್ತು. ಅದಕ್ಕೆ 100 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಶ್ರೀಲಂಕಾದ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಆದೇಶಿಸಿತು.

ಮೂರು ದಾರಿಗೂ ಮದ್ದು ಬೇರೆ ಬೇರೆ. ನದಿಯದ್ದು ಊರಿನ ಕಸದ ವ್ಯವಸ್ಥೆಗೆ ಸೇರಿದ್ದು, ಬಲೆಯದ್ದು ಬಂದರಿಗೆ, ಕಾಳಿನದ್ದು ಹಡಗಿನ ಕಾನೂನಿಗೆ. ಎಲ್ಲವನ್ನೂ ಸುಮ್ನೆ ‘ಪ್ಲಾಸ್ಟಿಕ್ ಮಾಲಿನ್ಯ’ ಅಂತ ಒಂದೇ ಗಂಟು ಕಟ್ಟಿದರೆ, ಪ್ರತಿಯೊಬ್ಬರಿಗೂ ಇನ್ನೊಬ್ಬರ ಕಡೆ ಬೆರಳು ತೋರಿಸಲು ಅನುಕೂಲ.

ಏಡಿಗೆ ಅದರ ಬುದ್ಧಿಯೇ ಮುಳುವು

ದ್ವೀಪಗಳಲ್ಲಿ ಹರ್ಮಿಟ್ ಏಡಿ ಅಂತ ಒಂದು ಬಗೆ ಇದೆ. ಇದಕ್ಕೆ ಸ್ವಂತದ ಗಟ್ಟಿ ಚಿಪ್ಪು ಪೂರ್ತಿ ಇಲ್ಲ. ಖಾಲಿ ಶಂಖವೊಂದನ್ನು ಹುಡುಕಿ ಅದರೊಳಗೆ ಸೇರಿಕೊಂಡು, ಅದನ್ನೇ ಹೊತ್ತು ಓಡಾಡುತ್ತದೆ. ಮೈ ಬೆಳೆದಂತೆ ದೊಡ್ಡ ಶಂಖ ಬೇಕು. ಒಂದು ಏಡಿ ಸತ್ತರೆ ಅದರ ವಾಸನೆಗೆ ಉಳಿದವು ಓಡಿ ಬರುತ್ತವೆ. ಅವುಗಳ ಲೆಕ್ಕದಲ್ಲಿ ಆ ವಾಸನೆ ಅಂದರೆ ‘ಇಲ್ಲೊಂದು ಮನೆ ಖಾಲಿ ಇದೆ’.

ಈಗ ದಡದಲ್ಲಿ ಬಾಯಿ ತೆರೆದ ಒಂದು ಬಾಟಲಿ ಓರೆಯಾಗಿ ಬಿದ್ದಿದೆ ಅಂದುಕೊಳ್ಳಿ. ಒಳಗೆ ಹೋದ ಏಡಿ ನುಣುಪಾದ ಗೋಡೆ ಹತ್ತಲಾರದೆ ಸಾಯುತ್ತದೆ. ವಾಸನೆ ಹೊರಗೆ ಬರುತ್ತದೆ. ಖಾಲಿ ಮನೆ ಹುಡುಕಿ ಎರಡನೆಯದು ಬರುತ್ತದೆ, ಅದೂ ಒಳಗೇ. ಆಮೇಲೆ ಮೂರನೆಯದು. ಒಂದೇ ಡಬ್ಬಿಯೊಳಗೆ 526 ಏಡಿ ಸಿಕ್ಕಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಕೋಕೋಸ್ ಮತ್ತು ಹೆಂಡರ್ಸನ್ ಎರಡೂ ಸೇರಿ ಹೀಗೆ ಸಾಯುವ ಏಡಿಗಳು ಸುಮಾರು 5,70,000 ಎಂಬುದು ಅವರ ಅಂದಾಜು.

ಲಕ್ಷಾಂತರ ವರ್ಷ ಬದುಕಿಸಿದ ಅಭ್ಯಾಸವೇ ಈಗ ಕೊಲ್ಲುತ್ತಿದೆ. ಕಡಲ ಹಕ್ಕಿಗಳದ್ದೂ ಹೀಗೇ. ಆಲ್ಬಟ್ರಾಸ್ ನೀರಿನ ಮೇಲೆ ತೇಲುವುದನ್ನು ಹೆಕ್ಕಿ ತಿನ್ನುವ ದೊಡ್ಡ ಹಕ್ಕಿ. ಹಾರುವ ಮೀನುಗಳು ತೇಲುವ ವಸ್ತುಗಳಿಗೆ ಮೊಟ್ಟೆ ಅಂಟಿಸುತ್ತವೆ. ಹಿಂದೆ ಅದು ಮರದ ತುಂಡೋ ಪಾಚಿಯೋ ಆಗಿರುತ್ತಿತ್ತು, ಈಗ ಪ್ಲಾಸ್ಟಿಕ್ ಮುಚ್ಚಳವೂ ಇರಬಹುದು. ಹಕ್ಕಿ ಮೊಟ್ಟೆಯನ್ನು ಆಧಾರದ ಸಮೇತ ನುಂಗುತ್ತದೆ. ಪಾಚಿ ಹಿಡಿದ ಪ್ಲಾಸ್ಟಿಕ್‌ನಿಂದ ಬರುವ ಒಂದು ಗಂಧಕದ ವಾಸನೆ ಕೆಲವು ಕಡಲ ಹಕ್ಕಿಗಳಿಗೆ ಊಟದ ವಾಸನೆಯಂತೆಯೇ ಇರುತ್ತದೆ ಎಂದು 2016ರಲ್ಲಿ ಗೊತ್ತಾಯಿತು. ಉತ್ತರ ಪೆಸಿಫಿಕ್‌ನ ಮಿಡ್‌ವೇ ದ್ವೀಪದಲ್ಲಿ ತಾಯಿ ತಂದೆ ಆಲ್ಬಟ್ರಾಸ್‌ಗಳು ದೂರದಿಂದ ಹೊತ್ತು ತಂದು ಮರಿಯ ಬಾಯಿಗೆ ಕಕ್ಕುವುದರಲ್ಲಿ ಇದೂ ಇರುತ್ತದೆ. ಹಾರುವ ಮುಂಚೆ ಮರಿ ಹೊಟ್ಟೆಯಲ್ಲಿ ಅರಗದ್ದನ್ನು ಒಮ್ಮೆ ಕಕ್ಕಿ ಹಗುರಾಗುವುದುಂಟು, ಅದು ಪ್ರಕೃತಿ ಕೊಟ್ಟ ಉಪಾಯ. ಎಲ್ಲ ಮರಿಗಳಿಗೂ ಎಲ್ಲವನ್ನೂ ಕಕ್ಕಲು ಆಗುವುದಿಲ್ಲ.

ಸಾಯದೆ ಉಳಿದವೂ ಆರಾಮಾಗಿಲ್ಲ. ಆಸ್ಟ್ರೇಲಿಯಾದ ಪೂರ್ವಕ್ಕಿರುವ ಲಾರ್ಡ್ ಹೋವ್ ದ್ವೀಪದ ಶಿಯರ್‌ವಾಟರ್ ಹಕ್ಕಿಗಳ ಜಠರದ ಗೋಡೆಯಲ್ಲಿ, ಚೂರುಗಳು ಮತ್ತೆ ಮತ್ತೆ ಉಜ್ಜಿ, ಗಾಯ ಒಣಗಿದ ಕಲೆಯಂಥ ಅಂಗಾಂಶ ಬೆಳೆದಿತ್ತು. 2023ರಲ್ಲಿ ವಿಜ್ಞಾನಿಗಳು ಇದನ್ನು ಒಂದು ಹೊಸ ರೋಗವೆಂದೇ ಕರೆದು ‘ಪ್ಲಾಸ್ಟಿಕೋಸಿಸ್’ ಎಂದು ಹೆಸರಿಟ್ಟರು.

ಕಬ್ಬಿನ ಲಾರಿಯಷ್ಟು ಕಸ ಇಷ್ಟು ಹಾನಿ ಮಾಡುವುದು ಹೀಗೆ.

ಕನ್ನಂಬಾಡಿ ತಡೆದದ್ದು ಎಲ್ಲಿ ಹೋಗುತ್ತದೆ?

ಇನ್ನು ನಮ್ಮ ನದಿ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲೋ ಸಂಗಮದಲ್ಲೋ ಪೂಜೆ ಮುಗಿಸಿ ನೀರಿಗೆ ಬಿಟ್ಟ ಒಂದು ಪ್ಲಾಸ್ಟಿಕ್ ಕವರ್ ಸಮುದ್ರ ಸೇರಬೇಕೆಂದರೆ ಶಿವನಸಮುದ್ರದ ಅಣೆಕಟ್ಟು ದಾಟಬೇಕು, ಹೊಗೆನಕಲ್ ದಾಟಬೇಕು, ಮೆಟ್ಟೂರು ಜಲಾಶಯದಲ್ಲಿ ತಳ ಸೇರದೆ ಉಳಿಯಬೇಕು, ಆಮೇಲೆ ಕಲ್ಲಣೈ ದಾಟಿ ನಾಲೆಗಳಿಗೆ ನುಗ್ಗದೆ ಪೂಂಪುಹಾರ್‌ವರೆಗೆ ಹೋಗಬೇಕು. ಬೇಸಿಗೆಯಲ್ಲಿ ಆ ಕೊನೆಯ ಹಂತದಲ್ಲಿ ನೀರೇ ಹೆಚ್ಚಿಗೆ ಇರುವುದಿಲ್ಲ. ಹಾಗಾಗಿ ಹೆಂಡರ್ಸನ್ ದ್ವೀಪದ ಕಸಕ್ಕೆ ಮೈಸೂರನ್ನು ಹೊಣೆ ಮಾಡುವುದು ಅತಿಯಾಯಿತು. ಆ ದ್ವೀಪಕ್ಕೆ ಕಸ ತರುವ ಪ್ರವಾಹ ಬರುವುದೇ ದಕ್ಷಿಣ ಅಮೆರಿಕದ ಕಡೆಯಿಂದ.

ಹಿಂದೂ ಮಹಾಸಾಗರದ ದ್ವೀಪಗಳ ವಿಷಯ ಹಾಗಲ್ಲ. ಚಳಿಗಾಲದ ಮುಂಚೆ, ತಮಿಳುನಾಡಿಗೆ ಮಳೆ ಬೀಳುವ ತಿಂಗಳುಗಳಲ್ಲಿ, ಬಂಗಾಳ ಕೊಲ್ಲಿಯ ದಡದ ನೀರು ದಕ್ಷಿಣಕ್ಕೆ ಹರಿದು ಶ್ರೀಲಂಕಾವನ್ನು ಸುತ್ತಿ ಪಶ್ಚಿಮಕ್ಕೆ ತಿರುಗುತ್ತದೆ. ಆ ದಾರಿಯಲ್ಲಿ ಮಾಲ್ಡೀವ್ಸ್ ಇದೆ, ಇನ್ನೂ ಮುಂದೆ ಸೇಶೆಲ್ಸ್. ಸೇಶೆಲ್ಸ್‌ನ ದ್ವೀಪಗಳಿಗೆ ನೆಲದಿಂದ ಬರುವ ಕಸದಲ್ಲಿ ಇಂಡೋನೇಷ್ಯಾದ್ದು ಮುಖ್ಯ, ಭಾರತ ಮತ್ತು ಶ್ರೀಲಂಕಾದ್ದೂ ಇದೆ ಎಂದು 2023ರ ಅಧ್ಯಯನ ತೋರಿಸಿದೆ. 2018, 2024ರಂತೆ ಕಟ್ಟೆಗಳೆಲ್ಲ ತುಂಬಿ ಹರಿಯುವ ವರ್ಷ ಕಾವೇರಿಯ ಬಾಗಿಲೂ ತೆರೆದಂತೆಯೇ. 2025ರಲ್ಲಂತೂ ಜೂನ್ ತಿಂಗಳಲ್ಲೇ ಕನ್ನಂಬಾಡಿ ತುಂಬಿತು. ಕಟ್ಟೆಯ ಇತಿಹಾಸದಲ್ಲೇ ಜೂನ್‌ನಲ್ಲಿ ತುಂಬಿದ್ದು ಅದೇ ಮೊದಲು.

ಉಳಿದ ದಿನಗಳಲ್ಲಿ? ಕಟ್ಟೆ ತಡೆಯುತ್ತದೆ, ನಿಜ. ಆದರೆ ತಡೆದದ್ದು ಮಾಯವಾಗುವುದಿಲ್ಲ. ಬಿಸಿಲಿಗೆ ಸವೆದು ಚೂರಾಗಿ ಹೂಳಿನಲ್ಲಿ, ನೀರಿನಲ್ಲಿ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕೆಆರ್‌ಎಸ್ (ಅದೇ ಕನ್ನಂಬಾಡಿ ಕಟ್ಟೆ) ಸುತ್ತಲಿನ ನೀರಿನ ಮಾದರಿ ತೆಗೆದು ಅದರಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳನ್ನು ಗುರುತಿಸಿದರು. 2022ರಲ್ಲಿ ಅದು ಪ್ರಕಟವಾಯಿತು. ಆ ನೀರಿನಲ್ಲಿ ಬೆಳೆಸಿದ ಜೀಬ್ರಾ ಮೀನಿನ ಮರಿಗಳಲ್ಲಿ ಮೂಳೆ ಸೊಟ್ಟಗಾಗುವಂಥ ತೊಂದರೆಗಳು ಕಂಡವು. ಇದು ಪ್ರಯೋಗಾಲಯದ ಮೀನಿನ ಮೇಲೆ ಮಾಡಿದ ಕೆಲಸ, ನೀರು ಕುಡಿಯುವ ಮನುಷ್ಯರಿಗೆ ಏನಾಗುತ್ತದೆ ಎಂದು ಅದು ಹೇಳಿಲ್ಲ. ಆದರೂ ಮೈಸೂರಿನ ನಲ್ಲಿಗೆ ಬರುವುದು ಇದೇ ನದಿಯ ನೀರು, ಬೆಂಗಳೂರಿಗೆ ಹೋಗುವುದೂ.

ಜಿನೀವಾದಲ್ಲಿ ಜಗಳ ಯಾವುದಕ್ಕೆ?

2022ರ ಮಾರ್ಚ್‌ನಲ್ಲಿ ನೈರೋಬಿಯಲ್ಲಿ ವಿಶ್ವಸಂಸ್ಥೆಯ ಪರಿಸರ ಸಭೆ ಇಂಥದ್ದೊಂದು ಒಪ್ಪಂದ ಬೇಕೆಂದು ತೀರ್ಮಾನಿಸಿತು. 2024ರ ಕೊನೆಯೊಳಗೆ ಮುಗಿಯಬೇಕಿತ್ತು. ದಕ್ಷಿಣ ಕೊರಿಯಾದ ಬೂಸಾನ್‌ನಲ್ಲಿ ಆಗಲಿಲ್ಲ, ಜಿನೀವಾದಲ್ಲೂ ಆಗಲಿಲ್ಲ.

ಒಂದು ಕಡೆ ನಾರ್ವೆ, ರುವಾಂಡಾ ಮುಂದಾಳಾಗಿರುವ ಗುಂಪು. ಪುಟ್ಟ ದ್ವೀಪ ದೇಶಗಳದ್ದೂ ಇದೇ ಧಾಟಿ. ನಲ್ಲಿ ತೆರೆದಿಟ್ಟು ನೆಲ ಒರೆಸಿ ಏನು ಪ್ರಯೋಜನ, ಪ್ಲಾಸ್ಟಿಕ್ ತಯಾರಿಕೆಗೇ ಮಿತಿ ಹಾಕಿ ಅನ್ನುವುದು ಅವರ ವಾದ. ಇನ್ನೊಂದು ಕಡೆ ಸೌದಿ ಅರೇಬಿಯಾ, ರಷ್ಯಾದಂಥ ತೈಲದ ದೇಶಗಳು. ಅವರಿಗೆ ಪ್ಲಾಸ್ಟಿಕ್ ಅಂದರೆ ಮಾರಾಟದ ಸರಕು. ಜಿನೀವಾದಲ್ಲಿ ಅಮೆರಿಕವೂ ತಯಾರಿಕೆಯ ಮಿತಿಗೆ ಒಪ್ಪಲಿಲ್ಲ.

ಭಾರತವೂ ಮಿತಿಯ ವಿರುದ್ಧವೇ ನಿಂತಿತು. ಒಪ್ಪಂದ ಕಸದ ನಿರ್ವಹಣೆಗೆ ಸೀಮಿತವಾಗಿರಲಿ, ತಯಾರಿಕೆಗೆ ಕೈ ಹಾಕಬೇಡಿ, ಬಡ ದೇಶಗಳಿಗೆ ಹಣ ಕೊಡಿ, ತೀರ್ಮಾನ ಮತ ಹಾಕಿ ಅಲ್ಲ, ಎಲ್ಲರೂ ಒಪ್ಪಿ ಆಗಲಿ ಅನ್ನುವುದು ನಮ್ಮ ನಿಲುವು. ಇದರಲ್ಲಿ ನ್ಯಾಯವಿಲ್ಲ ಅನ್ನಲಾಗದು. ತಲೆಗೆ ಲೆಕ್ಕ ಹಾಕಿದರೆ ನಾವು ಬಳಸುವ ಪ್ಲಾಸ್ಟಿಕ್ ಶ್ರೀಮಂತ ದೇಶಗಳವರಿಗಿಂತ ತುಂಬ ಕಡಿಮೆ. ಆದರೆ ಈ ವಾದ ನಿಲ್ಲಬೇಕೆಂದರೆ ಮನೆಯೊಳಗಿನ ಕಸದ ವ್ಯವಸ್ಥೆ ಗಟ್ಟಿ ಇರಬೇಕು. ಅಲ್ಲೇ ತೊಡಕು.

ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ನಿಷೇಧ ತಂದಿತು. ಕೇಂದ್ರ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಸಾಮಾನುಗಳನ್ನು ನಿಷೇಧಿಸಿತು. ತೆಳು ಕವರ್ ಸಂತೆಯಲ್ಲಿ ಇನ್ನೂ ಸಿಗುತ್ತದೆ. ನಿಷೇಧದ ಪಟ್ಟಿಯಲ್ಲಿ ಸ್ಟ್ರಾ, ಚಮಚ, ತಟ್ಟೆ ಇವೆ. ಚಿಪ್ಸ್ ಪ್ಯಾಕೆಟ್, ಶ್ಯಾಂಪೂ ಸ್ಯಾಷೆ ಇಲ್ಲ. ಇವನ್ನು ತಯಾರಿಸಿದ ಕಂಪನಿಯೇ ವಾಪಸ್ ಸಂಗ್ರಹಿಸಬೇಕು ಎಂಬ ನಿಯಮ ಇದೆ. ಆದರೆ ಬೀದಿಯಲ್ಲಿ ಕೆಲಸ ಮಾಡುವುದು ನಿಯಮಕ್ಕಿಂತ ಗುಜರಿಯ ರೇಟು. ನೀರಿನ ಬಾಟಲಿಗೆ ಗುಜರಿ ಅಂಗಡಿಯಲ್ಲಿ ಕಾಸು ಸಿಗುತ್ತದೆ, ಆದ್ದರಿಂದ ಚಿಂದಿ ಆಯುವವರು ಅದನ್ನು ಹೆಕ್ಕುತ್ತಾರೆ. ಚಿಪ್ಸ್ ಪ್ಯಾಕೆಟ್‌ಗೆ ಚಿಕ್ಕಾಸೂ ಇಲ್ಲ, ಅದು ಚರಂಡಿಗೆ. 2015, 2016ರಲ್ಲಿ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೊದಲು ನಿಂತ ಮೈಸೂರಿನಲ್ಲೂ ವಿದ್ಯಾರಣ್ಯಪುರಂನ ಸೂಯೆಜ್ ಫಾರಂನಲ್ಲಿ ಹಳೆ ಕಸದ ಗುಡ್ಡ ಬೆಳೆದದ್ದು ಎಲ್ಲರಿಗೂ ಗೊತ್ತು. ಬೆಲೆ ಇಲ್ಲದ ಕಸಕ್ಕೆ ಬೆಲೆ ಕಟ್ಟುವವರೆಗೆ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಟ್ಟರೂ ಅರ್ಧ ಕೆಲಸವೇ.

ದ್ವೀಪವನ್ನೇ ಗುಡಿಸಿದರೆ ಆಗದೇ?

ಗುಡಿಸಿ ನೋಡಿದ್ದಾರೆ. ಸೇಶೆಲ್ಸ್‌ನ ಅಲ್ಡಾಬ್ರಾ ದ್ವೀಪದಲ್ಲಿ 2019ರಲ್ಲಿ 12 ಮಂದಿ ಐದು ವಾರ ದುಡಿದು 25 ಟನ್ ಕಸ ತೆಗೆದರು. ಖರ್ಚು ಎರಡು ಲಕ್ಷ ಡಾಲರಿಗೂ ಹೆಚ್ಚು. ಇನ್ನೂ 500 ಟನ್ನಿಗಿಂತ ಜಾಸ್ತಿ ಉಳಿದಿದೆ ಎಂದು ಅವರೇ ಅಂದಾಜು ಹೇಳಿದರು. ಅದರ ಶೇ 83ರಷ್ಟು ಮೀನುಗಾರಿಕೆಯದ್ದು. ಹೆಂಡರ್ಸನ್‌ನಲ್ಲೂ 2019ರಲ್ಲಿ ಸುಮಾರು ಆರು ಟನ್ ಕೂಡಿಸಿದರು. ಅಲೆಯ ಹೊಡೆತಕ್ಕೆ ಹಡಗು ಹತ್ತಿರ ಬರಲಾಗದೆ, ಕೂಡಿಸಿದ್ದನ್ನು ಅಲ್ಲೇ ಮೇಲಕ್ಕೆ ಎಳೆದಿಟ್ಟು ವಾಪಸಾದರು. ಅಳತೆ ಮಾಡಿದ ದಿನಗಳಲ್ಲಿ ಅಲ್ಲಿನ ಒಂದೇ ದಡಕ್ಕೆ ದಿನಕ್ಕೆ ಮೂರೂವರೆ ಸಾವಿರ ಹೊಸ ತುಂಡು ಬರುತ್ತಿದ್ದವು.

ಬಲೆಯ ದಾರಿಯಲ್ಲಿ ಕೈಗೆಟುಕುವ ಕೆಲಸಗಳಿವೆ. ಕೇರಳದಲ್ಲಿ 2017ರಿಂದ ಮೀನುಗಾರರು ಬಲೆಗೆ ಸಿಕ್ಕ ಪ್ಲಾಸ್ಟಿಕ್ಕನ್ನು ಮತ್ತೆ ಕಡಲಿಗೆ ಎಸೆಯದೆ ದಡಕ್ಕೆ ತರುವ ಯೋಜನೆ ನಡೆಯಿತು, ಅದನ್ನು ಪುಡಿ ಮಾಡಿ ರಸ್ತೆ ಡಾಂಬರಿಗೆ ಬೆರೆಸಿದರು. ಯಾವ ಬಲೆ ಯಾರದ್ದೆಂದು ಗುರುತು ಹಾಕುವ ಮಾರ್ಗಸೂಚಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2018ರಲ್ಲಿ ಒಪ್ಪಿದೆ. ಕಡ್ಡಾಯವಲ್ಲ, ಸ್ವಇಚ್ಛೆಯದ್ದು.

ರಂಗನತಿಟ್ಟೂ ದ್ವೀಪವೇ

ಒಪ್ಪಂದ ತಡವಾದಷ್ಟೂ ದೂರದ ದ್ವೀಪಗಳಲ್ಲಿ ಮರಳಿನೊಳಗಿನ ಚೂರು ಹೆಚ್ಚುತ್ತದೆ. ಆಮೇಲೆ ಅದನ್ನು ತೆಗೆಯುವ ಉಪಾಯ ಯಾರ ಹತ್ತಿರವೂ ಇಲ್ಲ. ನಮ್ಮ ಮಟ್ಟಿಗೆ ಪರಿಣಾಮ ಇನ್ನೂ ಹತ್ತಿರದ್ದು. ರಂಗನತಿಟ್ಟು ಅಂದರೆ ನದಿ ನಡುವಿನ ನಡುಗಡ್ಡೆಗಳ ಗುಂಪು. 1940ರಿಂದ ಪಕ್ಷಿಧಾಮ, 2022ರಿಂದ ರಾಮ್ಸಾರ್ ತಾಣ, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶ. ಕಟ್ಟೆಯಿಂದ ಜಾಸ್ತಿ ನೀರು ಬಿಟ್ಟಾಗ ಇದರ ನಡುಗಡ್ಡೆಗಳು ಮುಳುಗುತ್ತವೆ, ನೀರಿನೊಡನೆ ಬಂದ ಕವರ್, ದಾರ, ಬಟ್ಟೆ ಗಿಡಗಳಿಗೆ ಸಿಕ್ಕಿಕೊಳ್ಳುತ್ತವೆ.

ಇಲ್ಲಿನ ಹಕ್ಕಿಗಳ ಊಟದ ರೀತಿ ಆಲ್ಬಟ್ರಾಸ್‌ನದ್ದಲ್ಲ. ಬಣ್ಣದ ಕೊಕ್ಕರೆ ಕೊಕ್ಕನ್ನು ನೀರಿಗಿಳಿಸಿ, ತಾಗಿದ ಮೀನನ್ನು ಕಚ್ಚಿ ಹಿಡಿಯುತ್ತದೆ. ಹೆಜ್ಜಾರ್ಲೆ (ಪೆಲಿಕನ್) ಕೊಕ್ಕಿನ ಕೆಳಗಿನ ಚೀಲದಲ್ಲಿ ಮೊಗೆಯುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ಊರೊಳಗಿನ ಮರಗಳಲ್ಲಿ ಗೂಡು ಕಟ್ಟುವುದೂ ಇವೇ ಎರಡು. ತೇಲುವ ಮುಚ್ಚಳಕ್ಕಿಂತ ಇವಕ್ಕೆ ಅಪಾಯ ಜಾಸ್ತಿ ಇರುವುದು ಗಾಳದ ನೈಲಾನ್ ದಾರ ಮತ್ತು ಬಿಟ್ಟುಹೋದ ಬಲೆಯ ತುಂಡಿನಿಂದ. ಕಾಲಿಗೋ ರೆಕ್ಕೆಗೋ ಒಮ್ಮೆ ಸುತ್ತಿಕೊಂಡರೆ ಹಕ್ಕಿ ತಾನಾಗಿ ಬಿಡಿಸಿಕೊಳ್ಳಲಾರದು. ಬಲೆಯ ಗುರುತು, ಹಳೆ ಬಲೆ ವಾಪಸಾತಿ ಅಂತೆಲ್ಲ ಜಗತ್ತು ಮಾತಾಡುವುದು ಕಡಲ ಬಂದರುಗಳ ಬಗ್ಗೆ. ಹಿನ್ನೀರಿನಲ್ಲಿ, ಕೆರೆಗಳಲ್ಲಿ ಬೀಸುವುದೂ ಅದೇ ನೈಲಾನ್ ಬಲೆ. ಹರಿದ ಮೇಲೆ ಅದನ್ನು ದಡದಲ್ಲೇ ಬಿಟ್ಟು ಹೋಗುತ್ತಾರೆ, ಮುಂದಿನ ಮಳೆಗಾಲದ ನೀರು ಒಯ್ಯುತ್ತದೆ.